ಪೊಟ್ಟಣದ ಮೇಲೆ ಒಂದೇ ಪದ, ಕಾನೂನು ಹಲವು

ಮಗುವಿಗೆ ಭೇದಿಯಾದರೆ ಔಷಧಿ ಅಂಗಡಿಯಿಂದ ಪ್ರೋಬಯಾಟಿಕ್ ಪುಡಿ ತರುವುದು ಈಗ ನಮ್ಮ ಮನೆಗಳಲ್ಲಿಯೂ ರೂಢಿ. ಹಟ್ಟಿಯ ಕರುವಿಗೂ ಇದೇ ಹೆಸರಿನ ಪುಡಿ ಬರುತ್ತದೆ. ಸೂಕ್ಷ್ಮಾಣುಗಳು ಜೀವಂತವಿದ್ದು, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ದೇಹಕ್ಕೆ ಒಳಿತಾದರೆ ಮಾತ್ರ ಈ ಹೆಸರು ಸಲ್ಲುತ್ತದೆಂದು ವಿಶ್ವಸಂಸ್ಥೆಯ ತಜ್ಞರು 2001ರಲ್ಲಿ ಹೇಳಿದರು. ಆದರೆ ಒಳಿತಾಗುವುದನ್ನು ಯಾರು, ಯಾವಾಗ ತೋರಿಸಿಕೊಡಬೇಕು? ಇದರಲ್ಲಿ ದೇಶದೇಶಕ್ಕೂ ಕಾನೂನು ಬೇರೆ.

ಜಪಾನಿನಲ್ಲಿ ಕಂಪೆನಿಯು ಪುರಾವೆ ಒಪ್ಪಿಸಿ ಉತ್ಪನ್ನಕ್ಕೆ ಸರಕಾರದ ಮುದ್ರೆ ಪಡೆಯುವ ಪದ್ಧತಿ 1991ರಲ್ಲೇ ಬಂತು. ಯುರೋಪಿನ ಒಕ್ಕೂಟ ಇನ್ನೂ ಬಿಗಿ. ಅಲ್ಲಿ 2006ರ ನಿಯಮದಡಿ ಕಂಪೆನಿಗಳು ಸಲ್ಲಿಸಿದ ಅರ್ಜಿಗಳು ಹೆಚ್ಚುಕಡಿಮೆ ಎಲ್ಲವೂ ತಿರಸ್ಕೃತವಾದವು. 2012ರ ಪಟ್ಟಿಯಲ್ಲಿ ಉಳಿದದ್ದು ಒಂದೇ: ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಮೊಸರಿನ ಜೀವಂತ ಹೆಪ್ಪು ನೆರವಾಗುತ್ತದೆಂಬುದು. (ಹಾಲು ಒಗ್ಗದವರಿಗೆ ಮಜ್ಜಿಗೆ ಕೊಡುತ್ತಿದ್ದ ನಮ್ಮ ಅಜ್ಜಿಯಂದಿರು ನಗುತ್ತಿದ್ದರೇನೋ!) ಅದಕ್ಕೂ ಗ್ರಾಮಿಗೆ 10 ಕೋಟಿ ಜೀವಂತ ಸೂಕ್ಷ್ಮಾಣು ಇರಬೇಕೆಂಬ ಷರತ್ತು. ಕರುವಿನ ಮೇವಿಗೆ ಬೆರೆಸುವ ಸೂಕ್ಷ್ಮಾಣುವಿಗೂ ಅಲ್ಲಿ ಮೊದಲೇ ಅನುಮತಿ ಬೇಕು. ಯಾವ ತಳಿ, ಯಾವ ಪ್ರಾಣಿಗೆ ಎಂದು ಹೆಸರಿಸಿ, 10 ವರ್ಷಕ್ಕೆ ಮಾತ್ರ ಕೊಡುತ್ತಾರೆ.

ಅಮೇರಿಕದಲ್ಲಿ ಹೀಗಿಲ್ಲ. 1994ರ ಕಾನೂನಿನಂತೆ ಪೂರಕ ಆಹಾರವೆಂದು ಮಾರುವ ಪ್ರೋಬಯಾಟಿಕ್‌ಗೆ ಸರಕಾರದ ಪೂರ್ವಾನುಮತಿ ಬೇಡ. 2023ರಲ್ಲಿ ಆಸ್ಪತ್ರೆಯೊಂದರಲ್ಲಿ ಇಂಥ ಉತ್ಪನ್ನ ಪಡೆದ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನ ರಕ್ತಕ್ಕೆ ಅದೇ ಬ್ಯಾಕ್ಟೀರಿಯಾ ಸೇರಿ ನಂಜಾಯಿತು, ಮಗು ತೀರಿಕೊಂಡಿತು. ಸರಕಾರದ ಎಚ್ಚರಿಕೆ ಹೊರಟದ್ದು ಆಮೇಲೆ. ಮನುಷ್ಯರ ಮಗುವಿಗೆ ಇಲ್ಲದ ಮುನ್ನೆಚ್ಚರಿಕೆ ಯುರೋಪಿನ ಕರುವಿಗಿದೆ ಎಂದರೆ ಏನೆನ್ನಬೇಕು? ಪದವನ್ನೇ ಆರೋಗ್ಯದ ಭರವಸೆಯೆಂದು ತಡೆಯುವ ಯುರೋಪಿನ ಹಟ ಅತಿಯಾಯಿತೆಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಮೊದಲು ಪುರಾವೆ, ಆಮೇಲೆ ಮಾರಾಟ ಎಂಬುದರಲ್ಲಿ ನಾನು ಅವರ ಪಕ್ಷ.

ನಮ್ಮ ದೇಶದ 2016ರ ಆಹಾರ ನಿಯಮ ಕೆಟ್ಟದ್ದಲ್ಲ. ದಿನದ ಅಳತೆಯಲ್ಲಿ ಕನಿಷ್ಠ 10 ಕೋಟಿ ಜೀವಂತ ಸೂಕ್ಷ್ಮಾಣು ಇರಬೇಕು. ಅವಧಿ ಮುಗಿಯುವಾಗ ಎಷ್ಟು ಉಳಿದಿರುತ್ತವೆ, ತಳಿ ಯಾವುದು, ಎಷ್ಟು ತಂಪಿನಲ್ಲಿಡಬೇಕು ಎಂಬುದನ್ನೂ ಮುದ್ರಿಸಬೇಕು. ಆದರೆ ಮುದ್ರಿಸಿದ್ದು ಕಾರ್ಖಾನೆಯಲ್ಲಿ. ಮೇ ತಿಂಗಳ ಸೆಕೆಯಲ್ಲಿ, ಕರೆಂಟು ಹೋಗಿ ಬಂದು ಮಾಡುವ ಊರಿನ ಅಂಗಡಿಯಲ್ಲಿ ಆ ಜೀವಗಳು ಉಳಿದಿವೆಯೇ? ಇಂಥ ಅಂಗಡಿಗಳಿಂದಲೇ ಪೊಟ್ಟಣ ತೆಗೆದು ಎಣಿಸಬೇಕು, ಫಲಿತಾಂಶವನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು ಎಂದು ನಾವು ಆಹಾರ ಸುರಕ್ಷಾ ಅಧಿಕಾರಿಗಳನ್ನು ಕೇಳಬೇಕು.

ಅಲ್ಲಿಯವರೆಗೆ, ತಾಯಂದಿರೇ, ಭೇದಿಯಾದ ಮಗುವಿಗೆ ಮೊದಲು ಓಆರ್‌ಎಸ್ ನೀರು, ಜೊತೆಗೆ ಸತುವಿನ ಮಾತ್ರೆ. ಪುಡಿಯ ವಿಚಾರ ವೈದ್ಯರನ್ನು ಕೇಳಿದ ಮೇಲೆ.