ಮಲಗದ ಫೋನು

ದುಡಿಮೆ ಮುಗಿಸಿ ಫೋನನ್ನು ಆಫ್ ಮಾಡಿದರೆ ತಾವಿರುವ ಸ್ಥಳ ಯಾರಿಗೂ ತಿಳಿಯದೆಂದು ದೆಹಲಿಯ ನಮ್ಮ ಹೋಟೆಲ್ ಕಾರ್ಮಿಕರೂ ಗುಮಾಸ್ತರೂ ನಂಬಿರಬಹುದು. ಅದು ಪೂರ್ಣ ಸತ್ಯವಲ್ಲ. 2021ರಿಂದೀಚೆಗೆ ಅನೇಕ ಐಫೋನುಗಳು ಆಫ್ ಆದ ಮೇಲೂ ಬ್ಲೂಟೂತ್ ಸಂಕೇತವನ್ನು ಹೊರಡಿಸುತ್ತವೆ. ಕಳವಾದ ಫೋನು ಸಿಗಲೆಂಬುದೇ ಅದರ ಉದ್ದೇಶ. ಆದರೆ ಧಣಿ ಕೊಟ್ಟ ಫೋನಿನಲ್ಲಿ ಖಾತೆಯೂ ಧಣಿಯದೇ ಆದರೆ ಆ ಉಪಕಾರವೇ ಕಾವಲಾಗುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು ಒಮ್ಮತದಿಂದ ಸಾರಿತು. ಜಾಮೀನು ಪಡೆದ ಆರೋಪಿಯು ತನ್ನ ಸ್ಥಳವನ್ನು ಫೋನಿನ ಮೂಲಕ ಪೊಲೀಸರಿಗೆ ಸದಾ ತೋರಿಸುತ್ತಿರಬೇಕೆಂಬ ಷರತ್ತೂ ಸಲ್ಲದೆಂದು 2024ರ ಜುಲೈಯಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಆರೋಪಿಗೇ ಸಲ್ಲದ ಕಟ್ಟು ದುಡಿಯುವವನಿಗೇಕೆ?

ಫೋನನ್ನು ಆಫ್ ಮಾಡುವಾಗ ಪರದೆಯ ಸೂಚನೆಯನ್ನು ಓದಿ, ಬೇಡವಾದರೆ ಸಂಕೇತವನ್ನೂ ನಿಲ್ಲಿಸೋಣ. ಕೆಲಸದ ವೇಳೆಗೆ ಲೆಕ್ಕ ಕೊಡೋಣ. ಬಿಡುವಿನ ವೇಳೆ ನಮ್ಮದು.