ಹತ್ತನೇ ಕ್ಲಾಸಿನ ಕುಬೇರನೂ ಹೊಳಲಿನ ಹುಡುಗರೂ

ಹೊಳಲಿನ ಹುಡುಗರ ಬಾಯಲ್ಲಿ ಈಗ ಒಂದು ಹೊಸ ಹೆಸರು ಓಡಾಡುತ್ತಿದೆ. ಸಿನಿಮಾ ನಟನದಲ್ಲ, ಕ್ರಿಕೆಟ್ ಆಟಗಾರನದಲ್ಲ, ನಮ್ಮ ಎಮ್ಮೆಲ್ಲೆಯದಂತೂ ಅಲ್ಲವೇ ಅಲ್ಲ. ನಿಖಿಲ್ ಕಾಮತ್. ಬಸ್ ಸ್ಟ್ಯಾಂಡಿನ ಚಹಾದಂಗಡಿ ಬೆಂಚಿನ ಮೇಲೆ ಒಂದು ಮೊಬೈಲಿಗೆ ಮೂರು ತಲೆ ಬಗ್ಗಿರುತ್ತವೆ. ಕೇಳಿದರೆ ಉತ್ತರ ಸಿದ್ಧ: ‘ಅಣ್ಣಾ, ಇವ್ರು ಬರೀ ಹತ್ತನೇ ಕ್ಲಾಸು. ಈಗ ಸಾವಿರಾರು ಕೋಟಿ ಒಡೆಯ. ಓದಿ ಏನಾಗ್ಬೇಕೈತಿ?’

ಇದು ಬರೀ ಹರಟೆಯಾಗಿದ್ದರೆ ನಾವು ಈ ಅಂಕಣದ ಜಾಗ ಹಾಳುಮಾಡುತ್ತಿರಲಿಲ್ಲ. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಯಾವ ಕಡೆ ಹೋದರೂ ಡಿಗ್ರಿ ಸೇರಿ ಬಿಟ್ಟವರು, ಸೇರದೆ ಬಿಟ್ಟವರು ಇದೇ ಮಾತು ಆಡುತ್ತಾರೆ. ಆದ್ದರಿಂದ ಆ ಮನುಷ್ಯ ಯಾರು, ನಿಜಕ್ಕೂ ಏನು ಮಾಡಿದ, ಏನು ಹೇಳಿದ ಎಂದು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ನಿಖಿಲ್ ಕಾಮತ್ ಹುಟ್ಟಿದ್ದು 1986ರಲ್ಲಿ. ನಮ್ಮ ನಾಡಿನವರೇ. ತಂದೆ ಬ್ಯಾಂಕ್ ನೌಕರ, ತಾಯಿ ವೀಣೆ ಕಲಿಸುವವರು. 2025ರ ಜನವರಿಯಲ್ಲಿ ಪ್ರಧಾನಿ ಮೋದಿಯವರನ್ನು ಕೂರಿಸಿಕೊಂಡು ಮಾತಾಡಿಸಿದಾಗ, ‘ನನ್ನ ಹಿಂದಿ ಅಷ್ಟಕ್ಕಷ್ಟೆ, ತಾಯಿ ಮೈಸೂರಿನವರು, ಸುತ್ತ ಕನ್ನಡದವರೇ ಇದ್ದರು’ ಎಂಬರ್ಥದ ಮಾತಾಡಿದ್ದರು. ಹದಿನಾಲ್ಕರ ವಯಸ್ಸಿನಲ್ಲೇ ಹಳೇ ಮೊಬೈಲ್ ಮಾರುತ್ತಿದ್ದರಂತೆ. ತಾಯಿಗೆ ಗೊತ್ತಾಗಿ ಫೋನುಗಳನ್ನು ಸಂಡಾಸಿಗೆ ಹಾಕಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಹತ್ತನೇ ತರಗತಿಗೆ ಓದು ಮುಗಿಯಿತು. ಹದಿನೇಳಕ್ಕೆ ಕಾಲ್ ಸೆಂಟರ್ ಸೇರಿದರು, ಸಂಬಳ ತಿಂಗಳಿಗೆ 8000 ರೂಪಾಯಿ. 2010ರ ಆಗಸ್ಟ್ 15ರಂದು ಅಣ್ಣ ನಿತಿನ್ ಕಾಮತ್ ಜೊತೆ ಬೆಂಗಳೂರಿನಲ್ಲಿ ಶುರು ಮಾಡಿದ್ದು ಜೆರೋಧಾ ಎಂಬ ಷೇರು ದಲ್ಲಾಳಿ ಕಂಪನಿ. ಹೊರಗಿನ ಬಂಡವಾಳದಾರರಿಂದ ದುಡ್ಡು ತರಲಿಲ್ಲ. 2023ರಲ್ಲಿ ತಮ್ಮ ಆಸ್ತಿಯ ಅರ್ಧಕ್ಕೂ ಮೇಲ್ಪಟ್ಟು ದಾನಕ್ಕೆಂದು ಮಾತು ಕೊಟ್ಟರು. ಒಳ್ಳೆಯದನ್ನು ಒಳ್ಳೆಯದು ಎನ್ನಲು ನಮಗೇನೂ ಹೊಟ್ಟೆಕಿಚ್ಚಿಲ್ಲ.

ಈಗ ಓದಿನ ಮಾತು. ಇಪ್ಪತ್ತೈದಕ್ಕೆ ಎಂಬಿಎ ಮಾಡಲು ಹೋಗುವವನು ಮೂರ್ಖ ಎನ್ನುವ ಧಾಟಿಯಲ್ಲಿ ಅವರು ಒಮ್ಮೆ ಮಾತಾಡಿದ್ದು ನಿಜ. ಆದರೆ ಆ ಮಾತು ಯಾರಿಗೆ? ಲಕ್ಷಗಟ್ಟಲೆ ಫೀ ಕಟ್ಟಿ ಎರಡು ವರ್ಷ ಕಳೆಯುವ ಪಟ್ಟಣದ ಹುಡುಗರಿಗೆ. ಹಡಗಲಿಯ ಸರ್ಕಾರಿ ಕಾಲೇಜಿಗೆ ಬಸ್ ಪಾಸಿನಲ್ಲಿ ಹೋಗಿ ಬಿಎ ಓದುವ ಹೊಳಲಿನ ಹುಡುಗಿಗೆ ಅದನ್ನು ಅಂಟಿಸಿದರೆ ಹೇಗೆ ಸ್ವಾಮಿ? ಆಕೆ ಕಾಲೇಜು ಬಿಟ್ಟರೆ ಮುಂದಿರುವುದು ಜೆರೋಧಾ ಅಲ್ಲ, ಮದುವೆ.

ಈ ಅಂಕಣ ಬರೆಯುವವನೂ ಪಿಯುಸಿ ದಾಟಿದವನಲ್ಲ. ಆದ್ದರಿಂದ ಸರ್ಟಿಫಿಕೇಟಿನ ಪರ ವಕಾಲತ್ತು ವಹಿಸುವುದು ನಮ್ಮ ಕೆಲಸವಲ್ಲ. ಓದು ಬಿಟ್ಟವರೆಲ್ಲ ಕೆಟ್ಟರು ಅಂತಲೂ ಅನ್ನುವುದಿಲ್ಲ. ಆದರೆ ಓದು ಬಿಟ್ಟು ಗೆದ್ದವನ ಮುಖ ಮಾತ್ರ ಮೊಬೈಲಿನಲ್ಲಿ ಬರುತ್ತದೆ. ಓದು ಬಿಟ್ಟು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಗುಳೆ ಹೋದವನ ಮುಖವನ್ನು ಯಾರು ಚಿತ್ರ ತೆಗೆದು ಹಾಕುತ್ತಾರೆ? ನಮ್ಮ ಐದು ತಾಲೂಕಿನಲ್ಲಿ ಅಂಥವರು ಎಷ್ಟು ಮನೆಯಲ್ಲಿದ್ದಾರೆ, ಲೆಕ್ಕ ಹಾಕಿಕೊಳ್ಳಿ.

ಇನ್ನು ಕೆಲಸದ ಗಂಟೆಯ ಗಲಾಟೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು, ಭಾನುವಾರ ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟೊತ್ತು ನೋಡ್ತೀರಿ ಎಂಬ ಪ್ರಶ್ನೆ ಸಮೇತ. ದೇಶವೆಲ್ಲ ಕೂಗಾಡಿತು. ನಮ್ಮೂರಿನಲ್ಲಿ ಮಾತ್ರ ಯಾರೂ ಕೂಗಾಡಲಿಲ್ಲ. ಯಾಕೆಂದರೆ ಮಲ್ಲಿಗೆ ತೋಟದ ಹೆಣ್ಣುಮಗಳು ಬೆಳಕು ಹರಿಯುವ ಮುಂಚೆ ಬುಟ್ಟಿ ಹಿಡಿದು ನಿಂತಿರುತ್ತಾಳೆ. ಮೊಗ್ಗು ಬಿಡಿಸಿ ಬಂದು ಅಡುಗೆ, ಆಮೇಲೆ ಮೆಕ್ಕೆಜೋಳದ ಹೊಲದ ಕಳೆ, ಸಂಜೆ ದನ, ರಾತ್ರಿ ಪಾತ್ರೆ. ಕಾರ್ಖಾನೆಯವರಿಗೆ 1948ರ ಕಾಯ್ದೆ ವಾರಕ್ಕೆ 48 ಗಂಟೆ ಅಂತ ಗೆರೆ ಎಳೆದಿತ್ತು. ಆಕೆಗೆ ಯಾವ ಕಾಯ್ದೆ? ‘ಎಷ್ಟು ತಾಸು ದುಡೀತೀಯವ್ವಾ?’ ಎಂದು ಕೇಳಿ ನೋಡಿ, ‘ತಾಸು ಯಾರು ನೋಡ್ಯಾರಪ್ಪಾ’ ಎನ್ನುತ್ತಾಳೆ. ಹೊಳಲಿನ ಅನಂತಶಯನ ಸ್ವಾಮಿಯೊಬ್ಬನೇ ಪುಣ್ಯವಂತ. ಮಲಗಿಕೊಂಡೇ ಲೋಕ ನಡೆಸುತ್ತಾನೆ, ಹಾಜರಿ ಪುಸ್ತಕ ಕೇಳುವವರಿಲ್ಲ.

ಕಾಮತ್ ಮನೆಯಲ್ಲೇ ಇದಕ್ಕೊಂದು ಪಾಠವಿದೆ, ಅದು ಮಾತ್ರ ಹುಡುಗರ ಮೊಬೈಲಿಗೆ ಬಂದಿಲ್ಲ. 2024ರ ಫೆಬ್ರವರಿಯಲ್ಲಿ ಅಣ್ಣ ನಿತಿನ್ ತಾವೇ ಬರೆದು ತಿಳಿಸಿದರು, ಆರು ವಾರದ ಹಿಂದೆ ಲಘು ಪಾರ್ಶ್ವವಾಯು ಹೊಡೆದಿತ್ತು ಎಂದು. ಆಗ ಅವರಿಗೆ ಇನ್ನೂ 44. ವ್ಯಾಯಾಮ ಮಾಡಿ ಮೈ ಹುರಿಗಟ್ಟಿಸಿಕೊಂಡಿದ್ದ ಮನುಷ್ಯ. ತಂದೆ ತೀರಿಕೊಂಡ ದುಃಖ, ನಿದ್ದೆ ಕೆಟ್ಟದ್ದು, ದಣಿವು, ಮೈಯಲ್ಲಿ ನೀರು ಕಡಿಮೆಯಾದದ್ದು, ಅತಿ ವ್ಯಾಯಾಮ, ಇದರಲ್ಲಿ ಯಾವುದಾದರೂ ಕಾರಣವಿರಬಹುದು ಎಂದರು. ಸಂಜೆ ಆರರ ಮೇಲೆ, ರಜಾ ದಿನದಲ್ಲಿ ಕೆಲಸದ ಮಾತು ಬೇಡ ಎಂಬ ಪದ್ಧತಿಯನ್ನು ತಮ್ಮ ಕಂಪನಿಯಲ್ಲಿ ತಂದವರೂ ಇವರೇ. ಎಪ್ಪತ್ತು, ತೊಂಬತ್ತು ಎನ್ನುವ ಹಿರಿಯರು ಈ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದು.

ತಮ್ಮ ನಿಖಿಲ್ ಈಗ ಹೆಚ್ಚು ಪ್ರಸಿದ್ಧರಾಗಿರುವುದು ಮಾತುಕತೆಯ ಕಾರ್ಯಕ್ರಮದಿಂದ. ಅದರ ಇಂಗ್ಲಿಷ್ ಹೆಸರನ್ನು ಮನೆಮಂದಿ ಎದುರು ಬಿಡಿಸಿ ಹೇಳುವಂತಿಲ್ಲ, ಇರಲಿ. 2025ರ ನವೆಂಬರ್ ಕೊನೆಗೆ ಅಮೆರಿಕದ ಈಲಾನ್ ಮಸ್ಕ್ ಅಲ್ಲಿಗೆ ಬಂದು ಹೇಳಿದರು, ಇನ್ನು ಇಪ್ಪತ್ತು ವರ್ಷದೊಳಗೆ ಕೆಲಸ ಮಾಡುವುದು ಬಿಡುವುದು ಮನುಷ್ಯನ ಇಷ್ಟಕ್ಕೆ ಬಿಟ್ಟದ್ದಾಗುತ್ತದೆ, ಯಂತ್ರಗಳೇ ಎಲ್ಲ ನೋಡಿಕೊಳ್ಳುತ್ತವೆ, ದುಡಿಮೆ ಒಂದು ಹವ್ಯಾಸ ಆಗುತ್ತದೆ ಎಂದು. ಅದಕ್ಕವರು ಕೊಟ್ಟ ಹೋಲಿಕೆ ಏನು ಗೊತ್ತೇ? ಮನೆ ಹಿತ್ತಲಲ್ಲಿ ತರಕಾರಿ ಬೆಳೆಯುವುದು! ಅಂಗಡಿಯಲ್ಲಿ ಸಿಕ್ಕರೂ ಕೆಲವರು ಖುಷಿಗೆ ಬೆಳೆಯುವುದಿಲ್ಲವೇ, ಹಾಗೆ ಅಂತೆ. ಈರುಳ್ಳಿ ದರ ಬಿದ್ದಾಗ ಕೊಯ್ದ ಕೂಲಿಯೂ ಹುಟ್ಟದೆ ಹೊಲದಲ್ಲೇ ಬಿಟ್ಟು ಬಂದ ರೈತನಿಗೆ ಈ ಹವ್ಯಾಸದ ಮಾತು ಹೇಳಲು ಮಸ್ಕ್ ಸಾಹೇಬರು ನಮ್ಮ ಕಡೆಗೊಮ್ಮೆ ಬರಬೇಕು.

ಅಂಥವೆಲ್ಲ ದೂರದ ಮಾತು. ಹತ್ತಿರದ, ಮನೆಯೊಳಗೇ ಬಂದು ಕೂತ ಮಾತು ಬೇರೆ ಇದೆ. ‘ಆಪ್ಷನ್ಸ್’.

ಜೆರೋಧಾ ಆಗಲಿ, ಅಂಥ ಬೇರೆ ಕಂಪನಿಗಳಾಗಲಿ, ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವರಿಂದ ಹೆಚ್ಚು ಗಳಿಸುವುದಿಲ್ಲ. ಗಳಿಕೆ ಇರುವುದು ದಿನಕ್ಕೆ ಹತ್ತು ಸಲ ಕೊಂಡು ಮಾರುವವರಲ್ಲಿ, ಅದರಲ್ಲೂ ಫ್ಯೂಚರ್ಸ್, ಆಪ್ಷನ್ಸ್ ಎಂಬ ವ್ಯವಹಾರದಲ್ಲಿ. 2023-24ರಲ್ಲಿ ಜೆರೋಧಾದ ಆದಾಯ 8,320 ಕೋಟಿ, ಲಾಭ 4,700 ಕೋಟಿ. ಸರ್ಕಾರ ಆಪ್ಷನ್ಸ್ ಬಿಗಿ ಮಾಡಿದರೆ ನಮ್ಮ ಆದಾಯ ಶೇಕಡಾ 30ರಿಂದ 50ರಷ್ಟು ಇಳಿಯಬಹುದು ಎಂದು ನಿತಿನ್ ಅವರೇ ಬಹಿರಂಗವಾಗಿ ಹೇಳಿದ್ದರು. ಗಳಿಕೆಯ ಗುಟ್ಟು ಇನ್ನೆಷ್ಟು ಬಿಡಿಸಿ ಹೇಳಬೇಕು?

ಆಪ್ಷನ್ ಎಂದರೆ ಏನು ಎಂದು ಕೇಳುವ ಹಿರಿಯರಿಗೆ ಮಲ್ಲಿಗೆ ಲೆಕ್ಕದಲ್ಲೇ ಹೇಳೋಣ. ಬೆಳಿಗ್ಗೆ ಮೊಗ್ಗಿಗೆ ದರ ಉಂಟು. ಹೊತ್ತು ಏರಿದಂತೆ ಅರಳುತ್ತದೆ, ದರ ಇಳಿಯುತ್ತದೆ, ಮರುದಿನಕ್ಕೆ ಕಸ. ಆಪ್ಷನ್ನೂ ಹಾಗೇ. ದರ ಇಂಥ ದಿನದೊಳಗೆ ಇಂಥ ಮಟ್ಟ ದಾಟುತ್ತದೆ ಎಂದು ಸ್ವಲ್ಪ ದುಡ್ಡು ಕಟ್ಟುತ್ತೀರಿ. ದಾಟದಿದ್ದರೆ ಕಟ್ಟಿದ್ದು ಖತಂ. ದಾಟಿದರೂ ತಡವಾಗಿ ದಾಟಿದರೆ ಖತಂ. ಕೈಯಲ್ಲಿ ಹಿಡಿದು ಕೂತಷ್ಟೂ ಬಾಡುವ ಸರಕು ಅದು.

ಷೇರುಪೇಟೆಯ ಕಾವಲುಗಾರ ಸೆಬಿ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಹೊರಗಿಟ್ಟಿತು. ಮೂರು ವರ್ಷದಲ್ಲಿ ಈ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳಕೊಂಡವರು. ತಲಾ ಸುಮಾರು 2 ಲಕ್ಷ. ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. 2023-24ರಲ್ಲಿ ಇಳಿದವರ ಪೈಕಿ ಮೂವತ್ತು ತುಂಬದವರು ಶೇಕಡಾ 43, ದೊಡ್ಡ ಮೂವತ್ತು ಪಟ್ಟಣ ಬಿಟ್ಟು ಉಳಿದ ಊರುಗಳವರು ಶೇಕಡಾ 72. ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ವರಮಾನ ವರ್ಷಕ್ಕೆ 5 ಲಕ್ಷದೊಳಗೆ. 2024-25ರಲ್ಲಿ ನಿಯಮ ಬಿಗಿಯಾದ ಮೇಲೂ ನೂರಕ್ಕೆ 91 ಮಂದಿ ಸೋತರು. ಒಂದೇ ವರ್ಷಕ್ಕೆ ನಿವ್ವಳ ನಷ್ಟ ಒಂದು ಲಕ್ಷ ಕೋಟಿ ದಾಟಿತು.

ಹಾಗಾದರೆ ಗೆದ್ದವರು ಯಾರು? ವಿದೇಶಿ ಹಣದವರು, ಸ್ವಂತ ದುಡ್ಡಿನಲ್ಲಿ ಆಡುವ ದೊಡ್ಡ ಸಂಸ್ಥೆಗಳು. ಅವರ ಲಾಭದಲ್ಲಿ ನೂರಕ್ಕೆ 96, 97 ಪಾಲು ಕಂಪ್ಯೂಟರ್ ತಾನಾಗಿಯೇ ಕೊಂಡು ಮಾರಿದ ವ್ಯವಹಾರದಿಂದ ಬಂದದ್ದು. ಆ ಯಂತ್ರಗಳ ಎದುರು ನಮ್ಮ ಹುಡುಗ, ಸಿಗ್ನಲ್ ಸಿಗುವ ಬೇವಿನ ಮರದ ಕಟ್ಟೆ ಹುಡುಕಿಕೊಂಡು, ಅಪ್ಪ ಬೆಳೆಸಾಲಕ್ಕೆಂದು ತಂದ ದುಡ್ಡಿನಲ್ಲಿ! ನಿತಿನ್ ಕಾಮತರೇ ಒಮ್ಮೆ ಬರೆದಿದ್ದಾರೆ, ಸದಾ ಕೊಡುಕೊಳ್ಳುವವರಲ್ಲಿ ಮೂರು ವರ್ಷ ಬ್ಯಾಂಕಿನ ಠೇವಣಿ ಬಡ್ಡಿಗಿಂತ ಹೆಚ್ಚು ಗಳಿಸುವವರು ನೂರಕ್ಕೆ ಒಬ್ಬರಿಗೂ ಕಡಿಮೆ ಎಂದು. ಅಂಗಡಿಯವನೇ ಈ ಸರಕು ಮೈಗೆ ಆಗೋದಿಲ್ಲ ಅಂದರೂ ಕೊಳ್ಳುವವರು ನಿಂತಿಲ್ಲ. ಅಂಗಡಿಯೂ ಬಾಗಿಲು ಹಾಕಿಲ್ಲ ಎನ್ನುವುದನ್ನೂ ಇಲ್ಲಿ ಹೇಳಲೇಬೇಕು.

ಹುಡುಗರಿಗೆ ಈ ಲೆಕ್ಕ ಯಾಕೆ ಮುಟ್ಟಿಲ್ಲ? ಕಾಮತ್ ಅವರ ಮಾತುಕತೆ ಎರಡು ಮೂರು ತಾಸಿನದು. ಇಲ್ಲಿಗೆ ಬರುವುದು ಅರ್ಧ ನಿಮಿಷದ ತುಣುಕು, ಮೇಲೊಂದು ಬಾಡಿಗೆ ಮ್ಯೂಸಿಕ್ಕು, ಕೆಳಗೆ ‘ನಮ್ಮ ಗ್ರೂಪ್ ಸೇರಿ, ದಿನಾ ಸಾವಿರ ಗಳಿಸಿ’ ಎಂಬ ಕೊಂಡಿ. ಹಾಕಿದವನು ಯಾರೋ, ಎಲ್ಲಿಯವನೋ.

ನಮ್ಮ ತಾಲೂಕಿಗೆ ಒಂದು ಸಾಲಿನ ಮಾತು ಹೊಸದೇನಲ್ಲ. ಮೈಲಾರದ ಕಾರಣಿಕಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯ ಉಪವಾಸ ವ್ರತ ಮಾಡಿ, ಬಿಲ್ಲನ್ನೇರಿ, ‘ಸದ್ದಲೇ’ ಅಂದಾಗ ಇಡೀ ಬಯಲು ಉಸಿರು ಹಿಡಿಯುತ್ತದೆ. ಒಂದೇ ಮಾತು ನುಡಿದು ಕೆಳಗೆ ಬೀಳುತ್ತಾನೆ. ಅದೂ ವರ್ಷಕ್ಕೊಂದು ಸಲ. ಆ ಮಾತನ್ನು ನಮ್ಮ ಜನ ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕೂತು ಅಳೆದು ತೂಗುತ್ತಾರೆ: ಮಳೆಗೆ ಹೇಳಿದ್ದೋ, ಬೆಳೆಗೋ, ರಾಜಕೀಯಕ್ಕೋ? ಇಷ್ಟು ಅಳೆಯುವ ಊರಿನ ಮಕ್ಕಳು ದಿನಕ್ಕೆ ನೂರು ಕಾರಣಿಕವನ್ನು ಬೆರಳಿನಲ್ಲಿ ತಳ್ಳುತ್ತಾ, ಒಂದನ್ನೂ ಅಳೆಯದೆ ದುಡ್ಡು ಕಟ್ಟುತ್ತಿದ್ದಾರೆ. ಇದೇ ನಿಖಿಲ್ ಕಾಮತ್ 2021ರ ಜೂನಿನಲ್ಲಿ ಸಹಾಯಾರ್ಥ ಚೆಸ್ ಆಟದಲ್ಲಿ ವಿಶ್ವನಾಥನ್ ಆನಂದರನ್ನು ಕಂಪ್ಯೂಟರಿನ ನೆರವಿನಿಂದ ಸೋಲಿಸಿ, ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿದ್ದರು. ಆಟ ಕಂಡವರೆಲ್ಲ ಮೊದಲು ಬೆರಗಾಗಿದ್ದರು. ತೆರೆಯ ಮೇಲೆ ಕಂಡ ಗೆಲುವಿನ ಹಿಂದೆ ಏನಿರುತ್ತದೋ!

ನಮ್ಮ ಸಲಹೆ ಇಷ್ಟೆ. ಪ್ರತಿ ಪಂಚಾಯ್ತಿಯಲ್ಲೂ ‘ಅರಿವು ಕೇಂದ್ರ’ ಎಂಬ ಗ್ರಂಥಾಲಯವಿದೆ. ಸೆಬಿಯ ಆ ಲೆಕ್ಕವನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ ಅಲ್ಲೊಂದು, ಬಸ್ ಸ್ಟ್ಯಾಂಡಿನಲ್ಲೊಂದು ಹಲಗೆ ಹಾಕಿ. ಮೋಸವಾದರೆ ಫೋನ್ ಮಾಡಬೇಕಾದ 1930 ಸಂಖ್ಯೆಯನ್ನೂ ಅದರ ಕೆಳಗೆ ಬರೆಯಿರಿ. ಪಿಯು ಕಾಲೇಜಿನವರು ವಾಣಿಜ್ಯ ವಿಭಾಗದ ಮೇಷ್ಟ್ರಿಂದ ತಿಂಗಳಿಗೊಂದು ದಿನ ಕಳಕೊಂಡವರ ಲೆಕ್ಕ ಹೇಳಿಸಲಿ. ಬ್ಯಾಂಕಿನವರು ಸಾಲ ಕೊಡುವಾಗ ಒಂದು ಮಾತು ಕೇಳಲಿ. ಇನ್ನು ಉದ್ಯಮಿ ಆಗಲೇಬೇಕು ಎನ್ನುವ ಹುಡುಗನಿಗೆ ಮನೆ ಬಾಗಿಲಲ್ಲೇ ಸರಕಿದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೂ ಸಂಜೆಯೊಳಗೆ ಪೇಟೆ ಮುಟ್ಟದ ಮೊಗ್ಗು ಇವತ್ತಿಗೂ ತಿಪ್ಪೆ ಸೇರುತ್ತದೆ. ನಾಲ್ಕು ಊರಿನ ಮೊಗ್ಗನ್ನು ಒಂದು ಗಾಡಿಯಲ್ಲಿ ತಂಪಾಗಿ ದೂರದ ಪೇಟೆಗೆ ಮುಟ್ಟಿಸುವ ಕೆಲಸ ಮಾಡಲು ಹತ್ತನೇ ಕ್ಲಾಸು ಸಾಕು. ಪಂಚಾಯ್ತಿ ಅಧ್ಯಕ್ಷರು ಮುಂದಿನ ಗ್ರಾಮಸಭೆಯಲ್ಲಿ ಹಲಗೆಯ ವಿಷಯವನ್ನೂ ಗಾಡಿಯ ವಿಷಯವನ್ನೂ ಎತ್ತಲಿ, ಏನು ತೀರ್ಮಾನವಾಯಿತು ಎಂದು ಈ ಅಂಕಣದಲ್ಲೇ ಬರೆಯುತ್ತೇವೆ.