ಸಾವಿರ ನಾದದ ಪೆಟ್ಟಿಗೆಯೋ, ತರಗತಿಗೆ ಒದಗುವ ವಾದ್ಯವೋ?

ಬೋಧನಾಭ್ಯಾಸದ ವೇಳಾಪಟ್ಟಿ ಫಲಕಕ್ಕೆ ಬಿದ್ದ ಕೂಡಲೇ ನಮ್ಮಲ್ಲಿ ಒಂದು ಪ್ರಶ್ನೆ ಬರುತ್ತದೆ: "ಸರ್, ಕಲಾ ಶಿಕ್ಷಣದ ಬಾಬತ್ತಿನಲ್ಲಿ ಸ್ವಲ್ಪ ಹಣ ಐತಿ, ಒಂದು ಕೀಬೋರ್ಡ್ ತಗೊಳ್ಳೋಣು. ಯಾವುದು ತಗೋಬೇಕು?" ಕೇಳುವವರು ಕೆಲವೊಮ್ಮೆ ಪ್ರಶಿಕ್ಷಣಾರ್ಥಿಗಳು, ಕೆಲವೊಮ್ಮೆ ಶಹಾಪುರ, ಸುರಪುರ ಕಡೆಯ ಶಾಲೆಗಳ ಮೆಂಟರ್ ಶಿಕ್ಷಕರು. ನಾನು ಸಂಗೀತ ಕಲಿತವನಲ್ಲ. ಕನ್ನಡ ಬೋಧನಾ ವಿಧಾನ ಹೇಳಿಕೊಡುವವನು. ಆದರೂ ನಾಲ್ಕಾರು ವರ್ಷ ಕೀಬೋರ್ಡ್ ಇಟ್ಟುಕೊಂಡು ನಡೆದ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಆ ಅನುಭವದಿಂದ ಒಂದು ಅಭಿಪ್ರಾಯ ಗಟ್ಟಿಯಾಗಿದೆ: ಕಡಿಮೆ ಹಣದಲ್ಲಿ "ಎಲ್ಲಕ್ಕೂ ಬರುವ" ವಾದ್ಯ ಬೇಕೆಂದರೆ ಪೆಟ್ಟಿಗೆಯ ಮೇಲೆ ಬರೆದ ನಾದಗಳ ಸಂಖ್ಯೆ ನೋಡಬಾರದು. ಪಾಠಯೋಜನೆಯನ್ನು ನೋಡಬೇಕು.

ಅಂಗಡಿಯವರು ಮೊದಲು ತೋರಿಸುವುದು ಸಂಖ್ಯೆಗಳನ್ನೇ. ನಾನೂರು ನಾದ, ಎಪ್ಪತ್ತೇಳು ತಾಳ, ಅರವತ್ತು ಹಾಡು. ವರ್ಷವಿಡೀ ನಮ್ಮ ಪ್ರಶಿಕ್ಷಣಾರ್ಥಿಗಳು ಬಳಸಿದ ನಾದಗಳನ್ನು ನಾನು ಒಮ್ಮೆ ಎಣಿಸಿದೆ. ಪಿಯಾನೊ, ಹಾರ್ಮೋನಿಯಂ, ಕೊಳಲು, ತಂತಿವಾದ್ಯ, ಗಂಟೆ; ಇಷ್ಟೇ. ಉಳಿದವು ಮೊದಲ ದಿನ ಒತ್ತಿ ನಕ್ಕು ಬಿಟ್ಟವು. ಹಾಗಾದರೆ ಹಣ ಯಾವುದಕ್ಕೆ ಕೊಡಬೇಕು?

ಮೊದಲನೆಯದು ಬ್ಯಾಟರಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಮ್ಮ ಶಾಲೆಗಳಲ್ಲಿ ಕರೆಂಟು ಪಾಠದ ಗಂಟೆ ನೋಡಿ ಬರುವುದಿಲ್ಲ. ಬಂದರೂ ಪ್ಲಗ್ಗು ಮುಖ್ಯೋಪಾಧ್ಯಾಯರ ಕೋಣೆಯಲ್ಲಿರುತ್ತದೆ. ಕ್ಯಾಸಿಯೊ ಸಿಟಿ-ಎಸ್200, ಸಿಟಿ-ಎಸ್300, ಯಮಹಾ ಪಿಎಸ್ಆರ್-ಇ373ರಂಥವು ಆರು ಎಎ ಸೆಲ್ಲುಗಳ ಮೇಲೆ ನಡೆಯುತ್ತವೆ. ಮೈದಾನದ ಬೇವಿನ ಮರದ ಕೆಳಗೂ ಪಾಠ ಮಾಡಬಹುದು. ಅಡಾಪ್ಟರ್ ಮಾತ್ರ ನಂಬಿದ ವಾದ್ಯ ನಮ್ಮ ಜಿಲ್ಲೆಗೆ ಅರ್ಧ ವಾದ್ಯ.

ಎರಡನೆಯದು ಕೀಲಿಗಳು. ಮಕ್ಕಳ ಆಟಿಕೆಯಂಥ ಸಣ್ಣ ಕೀಲಿಗಳ ವಾದ್ಯ ಅಗ್ಗವಾಗಿ ಸಿಗುತ್ತದೆ. ಆದರೆ ದೊಡ್ಡವರ ಬೆರಳು ಎರಡೆರಡು ಕೀಲಿ ಒತ್ತುತ್ತದೆ, ಮೇಲಾಗಿ ಅದರಲ್ಲಿ ಕಲಿತ ಬೆರಳಿನ ಅಳತೆ ಬೇರೆ ವಾದ್ಯಕ್ಕೆ ಬರುವುದಿಲ್ಲ. ಪೂರ್ಣ ಅಳತೆಯ 61 ಕೀಲಿ ಬೇಕು. ಅಂದರೆ ಐದು ಸ್ಥಾಯಿ. ಜೊತೆಗೆ ಒತ್ತಿದ ಬಲಕ್ಕೆ ತಕ್ಕಂತೆ ದನಿ ಏರಿಳಿಯುವ ಗುಣವೂ ಇರಬೇಕು. ಮೇಲೆ ಹೇಳಿದ ಸಿಟಿ-ಎಸ್200ರಲ್ಲಿ ಇದು ಇಲ್ಲ, ನೋಟಕ್ಕೆ ಅದರ ಅವಳಿಯಂತಿರುವ ಸಿಟಿ-ಎಸ್300ರಲ್ಲಿ ಇದೆ. ಎರಡೂ 3.3 ಕಿಲೋ ತೂಕದವು. ಚೀಲಕ್ಕೆ ಹಾಕಿ ಯಾದಗಿರಿಯಿಂದ ಸುರಪುರದ ಬಸ್ಸು ಹತ್ತಬಹುದು. ಕೊಳ್ಳುವಾಗ ಹೆಸರಿನ ಕೊನೆಯ ಅಂಕಿಯನ್ನು ಕಣ್ಣಿಟ್ಟು ನೋಡಿ. ಉಳಿಸಿದ ಸ್ವಲ್ಪ ಹಣಕ್ಕೆ ಕಳೆದುಕೊಳ್ಳುವುದು ದೊಡ್ಡದು.

ಏಕೆ ದೊಡ್ಡದು? ಒಂಬತ್ತನೇ ತರಗತಿಯ ಶಬ್ದದ ಪಾಠವನ್ನು ತೆಗೆದುಕೊಳ್ಳಿ. ಸ್ಥಾಯಿ ಬೇರೆ, ಜೋರು ಬೇರೆ ಎಂಬುದು ಮಕ್ಕಳಿಗೆ ತಲೆಗೆ ಹೋಗುವುದಿಲ್ಲ. ಒಂದೇ ಕೀಲಿಯನ್ನು ಮೆಲ್ಲಗೆ, ಆಮೇಲೆ ಬಲವಾಗಿ ಒತ್ತಿ ತೋರಿಸಿ: ಜೋರು ಬದಲಾಯಿತು, ಸ್ವರ ಬದಲಾಗಲಿಲ್ಲ. ಪಕ್ಕದ ಕೀಲಿಯನ್ನು ಅಷ್ಟೇ ಬಲದಿಂದ ಒತ್ತಿ: ಸ್ವರ ಬದಲಾಯಿತು, ಜೋರು ಬದಲಾಗಲಿಲ್ಲ. ನಡುವಿನ 'ಎ' ಕೀಲಿ 440 ಹರ್ಟ್ಸ್, ಒಂದು ಸ್ಥಾಯಿ ಮೇಲಿನದು 880. ಅದೇ ಕೀಲಿಯಲ್ಲಿ ಕೊಳಲು, ಹಾರ್ಮೋನಿಯಂ ಎಂದು ನಾದ ಬದಲಿಸಿದರೆ ಧ್ವನಿಯ ಗುಣವೂ ತಿಳಿಯಿತು. ಮೂರು ಪರಿಕಲ್ಪನೆ, ಐದು ನಿಮಿಷ. ಬಲಕ್ಕೆ ಸ್ಪಂದಿಸದ ಕೀಲಿಗಳಾಗಿದ್ದರೆ ಮೊದಲ ಹೆಜ್ಜೆಯೇ ಇಲ್ಲ.

ಮೂರನೆಯದು ಶ್ರುತಿ ಬದಲಿಸುವ ಗುಂಡಿ, ಅಂದರೆ ಟ್ರಾನ್ಸ್‌ಪೋಸ್. ಬೆಳಗಿನ ಪ್ರಾರ್ಥನೆಯಲ್ಲಿ ಗಂಡು ಮಾಸ್ತರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಯಲ್ಲಿ ಶುರು ಮಾಡುತ್ತಾರೆ. ಮಕ್ಕಳು ಕೆಳಗೆ ಗೊಗ್ಗರಿಸುತ್ತಾರೆ, ಮೇಲೆ ಕಿರುಚುತ್ತಾರೆ. ಮಕ್ಕಳಿಗೆ ಹಾಡು ಬರುವುದಿಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ. ತಪ್ಪು ಶ್ರುತಿಯದು. ಪ್ರಾಥಮಿಕ ಶಾಲೆಯ ಮಕ್ಕಳ ದನಿ ನಡುವಿನ 'ಸಿ'ಯಿಂದ ಒಂದು ಸ್ಥಾಯಿ ಮೇಲಿನವರೆಗೆ ಸಲೀಸಾಗಿ ಓಡಾಡುತ್ತದೆ. ಹಾಡು ಅದರೊಳಗೆ ಕೂರುವಂತೆ ಶ್ರುತಿ ಇಡಬೇಕು. ಬಿಳಿ ಒಂದರಿಂದ ಮಾತ್ರ ನುಡಿಸಲು ಬರುವ ಪ್ರಶಿಕ್ಷಣಾರ್ಥಿಯೂ ಈ ಗುಂಡಿಯಿಂದ ಬೆರಳು ಬದಲಿಸದೆ ಕಪ್ಪು ಒಂದಕ್ಕೋ ಬಿಳಿ ಎರಡಕ್ಕೋ ಏರಬಹುದು. ನಾಡಗೀತೆಯ ಧಾಟಿ, ಅವಧಿಗಳನ್ನು ಸರ್ಕಾರ 2022ರಲ್ಲಿ ಗೊತ್ತುಮಾಡಿದೆ. ಎರಡೂವರೆ ನಿಮಿಷ, ಮೈಸೂರು ಅನಂತಸ್ವಾಮಿಯವರ ಧಾಟಿ. ಆದರೆ ಯಾವ ಶ್ರುತಿಯಲ್ಲಿ ಎತ್ತಿಕೊಳ್ಳಬೇಕೆಂಬುದು ಎದುರಿಗಿರುವ ಮಕ್ಕಳನ್ನು ನೋಡಿ ಶಿಕ್ಷಕನೇ ತೀರ್ಮಾನಿಸಬೇಕಾದ ವಿಷಯ.

ಇನ್ನು ತಾಳದ ಗುಂಡಿ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು.

ಸುರಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬಳು ಕುಮಾರವ್ಯಾಸನ ಪದ್ಯಭಾಗ ತೆಗೆದುಕೊಂಡಿದ್ದಳು. ಕೀಬೋರ್ಡಿನ ತಾಳ ಹಾಕಿ ಹಾಡಿಸು, ಮಕ್ಕಳಿಗೆ ಹುರುಪು ಬರುತ್ತದೆ ಎಂದು ಹೇಳಿಕೊಟ್ಟವನು ನಾನೇ. ತಾಳ ಶುರುವಾಯಿತು, ಮಕ್ಕಳು ಚಪ್ಪಾಳೆ ಹಿಡಿದರು. ಮೊದಲ ಸಾಲು ಸರಿಹೋಯಿತು, ಎರಡನೆಯದು ತಪ್ಪಿತು. ಮತ್ತೆ ಶುರು, ಮತ್ತೆ ತಪ್ಪು. ಅವಳು ಬೆವೆತಳು, ಮಕ್ಕಳು ನಕ್ಕರು. ನಾನು ಅವಲೋಕನ ಪತ್ರದಲ್ಲಿ "ಲಯದ ಮೇಲೆ ಹಿಡಿತವಿಲ್ಲ" ಎಂದು ಬರೆದು ಅಂಕ ಕಡಿಮೆ ಮಾಡಿದೆ.

ಸಂಜೆ ಬಸ್ಸಿನಲ್ಲಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಕಾಣುವ ಹೊತ್ತಿಗೆ, ತೊಡೆಯ ಮೇಲೆ ಬೆರಳು ತಟ್ಟುತ್ತಾ ಎಣಿಸಿದೆ. ಭಾಮಿನಿ ಷಟ್ಪದಿ. ಮೂರು-ನಾಲ್ಕು, ಮೂರು-ನಾಲ್ಕು. ಸಾಲಿಗೆ ಹದಿನಾಲ್ಕು ಮಾತ್ರೆ. ನಾನು ಹಾಕಿಸಿದ ತಾಳ ನಾಲ್ಕರದು. ನಾಲ್ಕರ ಮೂರು ಸುತ್ತು ಮುಗಿದು ನಾಲ್ಕನೆಯ ಸುತ್ತಿನ ನಡುವಿಗೆ ಸಾಲು ಮುಗಿಯುತ್ತದೆ. ಎರಡನೇ ಸಾಲು ಆ ನಡುವಿನಲ್ಲೇ ಹುಟ್ಟಬೇಕು. ಅವಳ ಲಯ ಸರಿಯಾಗಿಯೇ ಇತ್ತು. ಯಂತ್ರದ ತಾಳ ಪದ್ಯದ್ದಾಗಿರಲಿಲ್ಲ, ಅದನ್ನು ಹಾಕಿಸಿದವನಿಗೆ ಛಂದಸ್ಸು ಹೇಳಿಕೊಡುವ ಉದ್ಯೋಗ! ಮರುದಿನ ಅವಳಿಗೆ ಹೇಳಿದೆ, ಆದರೆ ಆ ಹೊತ್ತಿಗೆ ಅಂಕಪಟ್ಟಿ ಕಚೇರಿಗೆ ಹೋಗಿತ್ತು. ಅಂಕ ತಿದ್ದಲಾಗಲಿಲ್ಲ.

ಅಂದಿನಿಂದ ನನ್ನ ಸಲಹೆ ಬದಲಾಗಿದೆ. ಇಂಥ ವಾದ್ಯಗಳಲ್ಲಿ ತುಂಬಿರುವ ತಾಳಗಳು ಬಹುಮಟ್ಟಿಗೆ ನಾಲ್ಕರವು, ಕೆಲವು ಮೂರರವು. ಮಂದಾನಿಲ ರಗಳೆಯ ನಾಲ್ಕು ಮಾತ್ರೆಯ ಗಣಕ್ಕೆ, ಉತ್ಸಾಹ ರಗಳೆಯ ಮೂರು ಮಾತ್ರೆಗೆ ಅವು ಒಗ್ಗುತ್ತವೆ. ಲಲಿತ ರಗಳೆಯ ಐದಕ್ಕೆ, ವಾರ್ಧಕ ಷಟ್ಪದಿಯ ಐದಕ್ಕೆ, ಭಾಮಿನಿಯ ಮೂರು-ನಾಲ್ಕಕ್ಕೆ ಒಗ್ಗುವುದಿಲ್ಲ. ನಮ್ಮ ಭಜನೆ ಪದಗಳಲ್ಲೂ ಏಳರ ನಡೆ ಬಹಳ. ಅದಕ್ಕೇ ಕೊಳ್ಳುವ ಮುನ್ನ ಮೆಟ್ರೊನೋಮಿನಲ್ಲಿ ಸುತ್ತಿಗೆ ಎಷ್ಟು ಬೀಟು ಎಂದು ನಾವೇ ಗೊತ್ತುಮಾಡಬಹುದೇ, ಐದಕ್ಕೂ ಏಳಕ್ಕೂ ಇಡಬಹುದೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ. ಏಳಕ್ಕೆ ಇಟ್ಟು, ಒಂದಕ್ಕೂ ನಾಲ್ಕಕ್ಕೂ ಚಪ್ಪಾಳೆ ಹಾಕಿಸಿದರೆ ಭಾಮಿನಿ ತಾನಾಗಿ ನಡೆಯುತ್ತದೆ. ಛಂದಸ್ಸಿನ ಪ್ರಸ್ತಾರವನ್ನು ಕಪ್ಪುಹಲಗೆಯ ಮೇಲೆ ಗೀಚುವುದಕ್ಕೆ ಮೊದಲು ಮಕ್ಕಳ ಅಂಗೈಗೆ ಅದು ಬಂದಿರುತ್ತದೆ. ನನ್ನ ಪಾಲಿಗೆ ಈ ಒಂದು ಸೌಲಭ್ಯ ಎಪ್ಪತ್ತು ಸಿದ್ಧ ತಾಳಗಳಿಗಿಂತ ಬೆಲೆಯುಳ್ಳದ್ದು.

ಎರಡು ಆಕ್ಷೇಪಗಳಿವೆ. ಒಂದು, ಹಾರ್ಮೋನಿಯಂ ಇರುವಾಗ ಇದೇಕೆ? ನ್ಯಾಯವಾದ ಪ್ರಶ್ನೆ. ನಮ್ಮ ಭಾಗದ ಭಜನೆ, ಬಯಲಾಟ, ನಾಟಕಗಳೆಲ್ಲ ಪೇಟಿಯ ಆಸರೆಯಲ್ಲೇ ಬೆಳೆದವು. ಅದಕ್ಕೆ ಕರೆಂಟೂ ಬೇಡ, ಸೆಲ್ಲೂ ಬೇಡ. ಶಾಲೆಯ ಕಪಾಟಿನಲ್ಲಿ ಹಳೆಯ ಪೇಟಿ ಧೂಳು ತಿನ್ನುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಕೀಬೋರ್ಡಿನ ಹಣದಲ್ಲಿ ಒಂದು ಪಾಲು ಸಾಕು. ಸ್ಥಿರಸ್ವರದ ವಾದ್ಯವೆಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಆ ಕೊರತೆ ಕೀಬೋರ್ಡಿಗೂ ಇದೆ, ಆದ್ದರಿಂದ ಆ ನೆಪದಲ್ಲಿ ಪೇಟಿಯನ್ನು ತಳ್ಳಬೇಕಾಗಿಲ್ಲ. ಆದರೆ ಪೇಟಿಗೆ ಒಂದು ಕೈ ಗಾಳಿ ಹಾಕಬೇಕು, ಹಲವರು ನೆಲದಲ್ಲಿ ಕುಳಿತು ತಲೆ ಬಗ್ಗಿಸಿಯೇ ನುಡಿಸುತ್ತಾರೆ. ಹೊಸ ಶಿಕ್ಷಕಿಗೆ ಮಕ್ಕಳ ಮುಖ ಕಾಣಬೇಕು. ಮೇಜಿನ ಮೇಲಿಟ್ಟ ಕೀಬೋರ್ಡನ್ನು ನಿಂತು, ಒಂದೇ ಕೈಯಲ್ಲಿ ನುಡಿಸುತ್ತಾ ಇನ್ನೊಂದು ಕೈಯಿಂದ ಮಕ್ಕಳಿಗೆ ಸನ್ನೆ ಮಾಡಬಹುದು.

ಇನ್ನೊಂದು ಆಕ್ಷೇಪ, ಮೊಬೈಲಿನಲ್ಲಿ ಹಾಡು ಹಚ್ಚಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಮೊಬೈಲಿನ ಹಾಡು ಹಿಂದುಳಿದ ಮಗುವಿಗಾಗಿ ನಿಲ್ಲುವುದಿಲ್ಲ. ಮೂರನೇ ಸಾಲಿನ ಎರಡು ಸ್ವರ ತಪ್ಪುತ್ತಿದ್ದರೆ ಆ ಎರಡನ್ನೇ ನಾಲ್ಕು ಸಲ ನುಡಿಸಿ ತೋರಿಸುವುದು ಕಲಿಸುವಿಕೆ. ಇಡೀ ಹಾಡನ್ನು ನಾಲ್ಕು ಸಲ ಹಚ್ಚುವುದು ಕಾಲಹರಣ.

ಹಣದ ಮಾತು. ಕೈಯಲ್ಲಿ ಹದಿನೈದು ಸಾವಿರ ಇದೆ ಎಂದಿಟ್ಟುಕೊಳ್ಳಿ. ಅಷ್ಟನ್ನೂ ವಾದ್ಯಕ್ಕೆ ಸುರಿಯಬೇಡಿ. ಎರಡು ಸಾವಿರವನ್ನು ಸರಿಯಾದ ಅಡಾಪ್ಟರ್, ಮರುಪೂರಣ ಮಾಡಬಹುದಾದ ಆರು ಸೆಲ್ಲು, ಅದರ ಚಾರ್ಜರ್, ದಪ್ಪ ಬಟ್ಟೆಯ ಚೀಲಕ್ಕೆ ತೆಗೆದಿಡಿ. ಕಂಪನಿಯಿಂದ ಕಂಪನಿಗೆ ವೋಲ್ಟು ಬೇರೆ: ಸಿಟಿ-ಎಸ್200ಕ್ಕೆ 9.5, ಪಿಎಸ್ಆರ್-ಇ373ಕ್ಕೆ 12. ಪಿನ್ನು ಹೊಂದಿತೆಂದು ಯಾವುದೋ ಅಡಾಪ್ಟರ್ ಚುಚ್ಚಿ ನಾವು ಒಂದು ವಾದ್ಯ ಕಳೆದುಕೊಂಡಿದ್ದೇವೆ. ತಬಲಾ, ತಂಬೂರಿ ಜೊತೆಗೂಡುವ ಯಮಹಾ ಪಿಎಸ್ಆರ್-ಐ500ರಂಥ ಭಾರತೀಯ ಮಾದರಿಗಳು ಒಳ್ಳೆಯವೇ. ಸಂಗೀತ ಬಲ್ಲ ಶಿಕ್ಷಕರಿದ್ದು, ಹಣವೂ ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಒಂದು ದುಬಾರಿ ವಾದ್ಯಕ್ಕಿಂತ ಎರಡು ಸಾಧಾರಣ ವಾದ್ಯಗಳೇ ಲೇಸು. ಒಂದು ಕಾಲೇಜಿನಲ್ಲಿ ಅಭ್ಯಾಸಕ್ಕೆ, ಒಂದು ಶಾಲೆಗೆ ಹೋಗಿಬರಲು. ರಿಪೇರಿ ಎಲ್ಲಿ ಎಂಬುದನ್ನು, ಕಲಬುರಗಿಯಲ್ಲೋ ರಾಯಚೂರಿನಲ್ಲೋ, ಕೊಳ್ಳುವ ದಿನವೇ ಕೇಳಿ ರಸೀದಿಯ ಹಿಂದೆ ಬರೆದಿಟ್ಟುಕೊಳ್ಳಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೋಣೆಯಲ್ಲಿ ಮಾತ್ರ ಇಡಬೇಡಿ.

ಕೊನೆಗೆ, ಕೀಲಿಕೈ ಯಾರ ಬಳಿ ಎಂಬ ಪ್ರಶ್ನೆ. ವಾರ್ಷಿಕೋತ್ಸವದ ದಿನ ಮಾತ್ರ ಕಪಾಟಿನಿಂದ ಹೊರಬರುವ ವಾದ್ಯ ಎಷ್ಟು ಬಹುಪಯೋಗಿಯಾದರೂ ಯಾರಿಗೂ ಉಪಯೋಗಿಯಲ್ಲ. ಪ್ರಶಿಕ್ಷಣಾರ್ಥಿಗಳ ಹೆಸರಿನಲ್ಲೊಂದು ವಹಿ ಇಡಿ, ಸಹಿ ಮಾಡಿ ಒಯ್ಯಲಿ. ಒಂದೆರಡು ಗುಂಡಿ ಕೆಟ್ಟರೆ ಕೆಡಲಿ. ಅವಲೋಕನ ಪತ್ರ ಹಿಡಿದು ಹಿಂದಿನ ಬೆಂಚಿನಲ್ಲಿ ಕೂರುವ ನಮ್ಮಂಥವರು ಮಾತ್ರ, "ಲಯ ತಪ್ಪಿದೆ" ಎಂದು ಬರೆಯುವ ಮುನ್ನ, ಯಾರ ಲಯ ಎಂದು ಒಮ್ಮೆ ತೊಡೆಯ ಮೇಲೆ ಎಣಿಸಿ ನೋಡಬೇಕು.